ದುರ್ಗಪ್ಪನಿಗೆ ಕೇಳುವಷ್ಟು ಜೋರಾಗಿ

1

ಎಲ್ಲಿಂದ ಶುರು ಮಾಡಬೇಕು ಎಂಬುದೇ ಜಗಳವಾಗಿದೆ. ನಾನು ಹೀಗೆ ಶುರು ಮಾಡಿದ್ದೆ:

‘ದುರ್ಗಪ್ಪ ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದ. ಚರ್ಮ ಬಿಗಿಯಾದಂತೆಲ್ಲ ಅವನ ಕಣ್ಣಿನಲ್ಲಿ…’

ಇಷ್ಟಕ್ಕೇ ತಾಯವ್ವ ಹಾಳೆಯ ಮೇಲೆ ಕೈ ಇಟ್ಟಳು. ತಾಯವ್ವ ಅಂದರೆ ದುರ್ಗಪ್ಪನ ಮಗಳು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕಥೆ ಅವಳದು. ಅವಳಿಗೆ ತೋರಿಸದೆ ಒಂದು ಸಾಲನ್ನೂ ಅಚ್ಚಿಗೆ ಕೊಡುವುದಿಲ್ಲ ಎಂದು ಮಾತು ಕೊಟ್ಟು ಸಿಕ್ಕಿಹಾಕಿಕೊಂಡಿದ್ದೇನೆ.

“ಇದೇನ್ರೀ ಇದು? ನಮ್ಮಪ್ಪನ್ನ ಕಂಡಕೂಡ್ಲೆ ಕೈಯಾಗ ಹಲಗಿ ಕೊಟ್ಟು ನಿಂದ್ರಸೂದು? ಅಂವ ಹಲಗಿ ಬಿಟ್ಟು ಆಗ ಐದು ವರ್ಷ ಆಗಿತ್ತು.”

“ಓದೋರ ಕಣ್ಣಮುಂದ ಒಂದು ಚಿತ್ರ ಬರಬೇಕಲ್ಲ ತಾಯವ್ವ…”

“ಕುರ್ಚೇದಾಗ ಕುಂತಿದ್ದ ಅಂತ ಬರೀರಿ. ಕುರ್ಚೇದಾಗ ಕುಂತ ಮನಷ್ಯಾ ಚಿತ್ರದಾಗ ಬರೂದಿಲ್ಲೇನು?”

ಹಾಳೆ ಹರಿದೆ.

2

ದುರ್ಗಪ್ಪ ಕುರ್ಚಿಯಲ್ಲಿ ಕುಳಿತಿದ್ದ.

(ಹೀಗೆ ಶುರುವಾಗುವ ಕಥೆಯನ್ನು ಯಾವ ಸಂಪಾದಕರು ಎರಡನೇ ಸಾಲಿನವರೆಗೆ ಓದುತ್ತಾರೋ ಗೊತ್ತಿಲ್ಲ. ಇರಲಿ.)

ಸಾವಿರದ ಒಂಬೈನೂರ ಎಪ್ಪತ್ತನಾಲ್ಕು. ಊರಿನ ಹೆಸರು ಹೇಳುವುದಿಲ್ಲ. ಬೈಲಹೊಂಗಲದಿಂದ ಬಸ್ಸಿನಲ್ಲಿ ಅರ್ಧ ತಾಸು, ಕಿತ್ತೂರಿನಿಂದಲೂ ಹೆಚ್ಚುಕಡಿಮೆ ಅಷ್ಟೇ. ಹೇಳಿದರೆ ಬಸಲಿಂಗಪ್ಪನವರ ಮಕ್ಕಳು ನನ್ನ ಮೇಲೆ ಕೇಸು ಹಾಕುತ್ತಾರೆ.

ಐವತ್ತು ವರ್ಷ ಮಂದಿಯ ಬಾಗಿಲಲ್ಲಿ ನಿಂತು ಹಲಗೆ ಬಡಿದ ದುರ್ಗಪ್ಪನ ಕಿವಿ ಹೋಗಿತ್ತು. ಪೂರ್ತಿ ಹೋಗಿದ್ದರೆ ಒಂದು ರೀತಿ. ಬಸ್ಸಿನ ಸದ್ದು, ಗುಡುಗು, ಬಾಗಿಲು ಬಡಿಯುವುದು ಕೇಳುತ್ತಿತ್ತು. ಎದುರಿಗೆ ಕುಳಿತು ಮಗಳು ಆಡುವ ಮಾತು ಮಾತ್ರ ತಿಳಿಯುತ್ತಿರಲಿಲ್ಲ. “ಎಲ್ಲಾರೂ ಬಾಯಾಗ ಅರಿವಿ ತುರುಕ್ಕೊಂಡು ಮಾತಾಡತಾರ,” ಎಂದು ಸಿಟ್ಟಾಗುತ್ತಿದ್ದ. ಹೆಂಡತಿ ಕೃಷ್ಣವ್ವ ತೀರಿಕೊಂಡಿದ್ದಳು. ಮನೆಯಲ್ಲಿ ಇಬ್ಬರೇ. ಮಗಳಿಗೆ ನೌಕರಿ ಸಿಕ್ಕ ದಿನ ಅವನು ಹಲಗೆಯನ್ನು ಗೂಟದಿಂದ ಇಳಿಸಿದ್ದ. ಕರೆಯಲು ಬಂದವರಿಗೆ, “ನನ್ನ ಮಗಳು ಸರಕಾರಿ ನೌಕರದಾಕಿ, ನಾ ಬರೂದಿಲ್ಲ,” ಎಂದಿದ್ದ. ಗೂಟದಲ್ಲಿ ಈಗ ಮಗಳ ಛತ್ರಿ ತೂಗುತ್ತಿತ್ತು. ಅದರ ಪಕ್ಕದಲ್ಲಿ ಬುದ್ಧನ ಪಟ.

ಒಂದು ದಿನ ಅಪ್ಪ ಮಗಳು ಬಸ್‌ಸ್ಟ್ಯಾಂಡಿನ ಬಳಿಯ ನೀಲಪ್ಪನ ರೇಡಿಯೊ ರಿಪೇರಿ ಅಂಗಡಿಗೆ ಹೋದರು. ನೀಲಪ್ಪ ಯಾವುದೋ ಸ್ಪೀಕರನ್ನು ಮೇಜಿನ ಮೇಲಿಟ್ಟು ರೆಕಾರ್ಡು ಹಚ್ಚಿ ಪರೀಕ್ಷೆ ಮಾಡುತ್ತಿದ್ದ. ದುರ್ಗಪ್ಪ ಸ್ಟೂಲಿನ ಮೇಲೆ ಕುಳಿತ. ಕಿವಿಗೂ ಸ್ಪೀಕರಿಗೂ ಒಂದು ಮೊಳ. ಕುಳಿತವನು ಹಾಗೇ ಕುತ್ತಿಗೆ ಚಾಚಿದ.

“ಇದೇನು?”

“ಸಾರಂಗಿ!” ಎಂದು ತಾಯವ್ವ ಅವನ ಕಿವಿಯಲ್ಲಿ ಕೂಗಿದಳು.

“ಇದಾ ಸಾರಂಗಿ?” ದುರ್ಗಪ್ಪನಿಗೆ ನಂಬಿಕೆ ಬರಲಿಲ್ಲ. “ದೇಸಾಯರ ಮನಿ ಮದವ್ಯಾಗ ಕಿಡಕ್ಯಾಗಿಂದ ನೋಡಿದ್ನೆಲ್ಲ. ಕೋಲು ಹೋಗಿ ಬರೂದು ಕಂಡಿತ್ತು. ಹೊರಗ ನಾ ಬಡಿಯಾಕ ಹತ್ತಿದ್ದೆ. ಅದಕ್ಕ ಸಪ್ಪಳ ಇರತೈತಿ ಅಂತ ಗೊತ್ತಿರಲಿಲ್ಲ.”

ತಾಯವ್ವ ಅವತ್ತೇ ನಿರ್ಧಾರ ಮಾಡಿದಳು.

3

ನೀಲಪ್ಪ ಮೈಕ್‌ಸೆಟ್ಟಿನ ಒಂದು ಹಳೆಯ ಆಂಪ್ಲಿಫೈಯರ್ ರಿಪೇರಿ ಮಾಡಿಕೊಟ್ಟ, ರೆಕಾರ್ಡ್ ಪ್ಲೇಯರ್ ಜೋಡಿಸಿದ, ಮಾವಿನ ಕಟ್ಟಿಗೆಯ ಡಬ್ಬಿ ಬಡಿದು ಎಂಟಿಂಚಿನ ಸ್ಪೀಕರ್ ಕೂರಿಸಿದ. ಮನೆಗೇ ಬಂದು ಇಟ್ಟುಕೊಟ್ಟು ಪಾಠ ಹೇಳಿದ:

“ತಾಯವ್ವ, ನೋಡಿಲ್ಲೆ. ಸ್ಪೀಕರ್ ಹಾಳಾಗೂದು ಬರೇ ಜೋರಿನಿಂದ ಅಲ್ಲ. ಆಂಪ್ಲಿಫೈಯರ್ ಕೈಲೆ ಆಗಲಾರದ ಕೆಲಸ ಮಾಡಸತೀವಲ್ಲ, ಅದರಿಂದ. ಗುಂಡಿ ಮುಕ್ಕಾಲು ದಾಟಿತಂದ್ರ ಇದರ ದನಿ ಒಡೀತೈತಿ. ಒಡದ ದನಿ ಒಳಗಿನ ಕಾಯಿಲ್ ಸುಡತೈತಿ. ಕರಕರ ಅಂದಕೂಡ್ಲೆ ಹಿಂದ ತಿರುವು.”

“ನಮ್ಮಪ್ಪಗ ಅಷ್ಟಕ್ಕ ಕೇಳದಿದ್ರ?”

“ಗುಂಡಿ ತಿರುವಬ್ಯಾಡ, ಡಬ್ಬಿ ಸರಸು. ಅಂವನ ಹಂತ್ಯಾಕ ಒಯ್ಯಿ, ಕಿವಿ ಎತ್ತರಕ್ಕ ಇಡು. ಮೂಲ್ಯಾಗ ಇಡಬ್ಯಾಡ, ಮೂಲ್ಯಾಗಿಟ್ರ ಬರೇ ಗುಂಯ್ ಅಂತೈತಿ, ದನಿ ಮಬ್ಬಾಗತೈತಿ. ಅಂವಗ ದಪ್ಪ ದನಿ ಮೊದಲ ಕೇಳತೈತಿ. ಸಣ್ಣ ದನಿ ಗುಂಡಿ ಸ್ವಲ್ಪ ಏರಸು. ಇದ್ದಷ್ಟು ಕಿವೀನರ ಉಳೀಬೇಕು, ಒಂದು ತಾಸಿಗಿಂತ ಹೆಚ್ಚ ಹಚ್ಚಬ್ಯಾಡ. ಮತ್ತ ನೀ ದೂರ ಕುಂಡ್ರು. ನಿನ್ನ ಕಿವಿ ಅಂದ್ರ ನಿನ್ನ ನೌಕರಿ.”

(ಮನೆಯಲ್ಲಿ ಜೋರಾಗಿ ಹಾಡು ಹಚ್ಚುವುದು ಹೇಗೆಂದು ತಿಳಿಯಲು ಈ ಕಥೆಗೆ ಬಂದವರು ಇಲ್ಲಿಗೇ ನಿಲ್ಲಿಸಬಹುದು. ಉಪಯೋಗದ ಮಾತನ್ನೆಲ್ಲ ನೀಲಪ್ಪ ಆಡಿ ಮುಗಿಸಿದ್ದಾನೆ. ಮುಂದಿನದು ಮೈ ಉರಿಸುವುದಕ್ಕೆ ಮಾತ್ರ.)

ತಾಯವ್ವ ಗುಂಡಿಯ ಮುಕ್ಕಾಲಿಗೆ ಬಿಳಿ ಬಣ್ಣದ ಚುಕ್ಕೆ ಇಟ್ಟಳು. ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು ಅಪ್ಪನ ಕುರ್ಚಿಯ ಕಡೆ ತಿರುಗಿಸಿದಳು. ಬೀದಿಯ ಕಿಡಕಿ ಮುಚ್ಚಿದಳು. ಸಂಜೆ ಐದೂವರೆಗೆ ಶುರು, ಆರೂವರೆಗೆ ಬಂದ್. ಅವಳು ಮಾತ್ರ ಕಿವಿಯಲ್ಲಿ ಅರಳೆ ಇಟ್ಟುಕೊಂಡು ಒಳಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಪ್ಪನ ಮುಖವನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದಳಂತೆ.

“ಹೆಂಗ ಕಾಣತಿತ್ತು?” ಎಂದು ಕೇಳಿದೆ.

“ಅದು ನಿಮ್ಮ ಕಥೀಗೆ ಅಲ್ಲ,” ಎಂದಳು.

4

ಬಸಲಿಂಗಪ್ಪನವರ ಕಿರಾಣಿ ಅಂಗಡಿ ಪೇಟೆಯಲ್ಲಿ, ಮನೆಯ ಹಿತ್ತಲು ತಾಯವ್ವನ ಓಣಿಗೆ. ಅವರನ್ನು ಮೀಸೆ ತಿರುವುವ ಖಳನಾಯಕನನ್ನಾಗಿ ಮಾಡಬೇಕೆಂದು ನನಗೆ ಬಹಳ ಆಸೆ. ಆದರೆ ಅವರು ಅಂಗಡಿಗೆ ಬಂದ ಮಕ್ಕಳ ಕೈಗೆ ಬೆಲ್ಲದ ಚೂರು ಇಡದೆ ಕಳಿಸಿದವರಲ್ಲ. ಓಣಿಯ ಮಕ್ಕಳಿಗೂ ಇಡುತ್ತಿದ್ದರು, ಮೇಲಿನಿಂದ ಬೀಳಿಸಿ.

ಅವರ ಮಾಳಿಗೆಯ ಮೇಲೆ ಭಜನಾ ಮಂಡಳಿಯ ಹಾರ್ನ್ ಇತ್ತು. ದಿನಾ ನಸುಕಿನ ಐದಕ್ಕೆ ಶುರು. ಅದರ ಬಾಯಿ ಪೇಟೆಯ ಕಡೆಗಿಲ್ಲ, ಓಣಿಯ ಕಡೆಗೆ. ಪೇಟೆಯವರಿಗೆ ನಿದ್ದೆ ಬೇಕಲ್ಲ.

ಸಾರಂಗಿ ಶುರುವಾಗಿ ಎಂಟು ದಿನಕ್ಕೆ ಬಸಲಿಂಗಪ್ಪ ಬಂದರು. ಹೊಸ್ತಿಲ ಹೊರಗೇ ನಿಂತರು.

“ಏನವಾ ತಾಯವ್ವ, ಏನಿದು ಗದ್ಲ?”

“ಸಾರಂಗಿರಿ.”

“ನಿಮ್ಮಪ್ಪ ಹಲಗಿ ಬಡದ್ರ ನಾವು ಎಂದರ ಏನರ ಅಂದೇವೇನು? ನಮ್ಮ ಮನಿ ಮದವಿಗೂ ಬಡದಾನ. ಬೇಕಂದ್ರ ಈಗೂ ಬಡೀಲಿ. ಇದೆಲ್ಲಾ ನಿಮಗ್ಯಾಕ?”

“ಹಲಗಿ ನಿಮ್ಮ ಬಾಗಲದಾಗ ಬಡೀತಿದ್ದರಿ. ಇದು ನಮ್ಮ ಬಾಗಲದ ಒಳಗ ಐತಿ.”

“ಕಿವಿ ಹರೀತೈತಿ ಅಂತೇನಿ.”

“ಕಿಡಕಿ ಮುಚ್ಚೇನ್ರಿ. ತಾಸಿಗೆ ಬಂದ್ ಮಾಡತೇನ್ರಿ. ಮುಂಜಾನೆ ನಿಮ್ಮ ಹಾರ್ನ್ ನಮ್ಮ ಕಡೆ ಮಾರಿ ಮಾಡಿ ಒದರತೈತಲ್ರಿ, ಅದಕ್ಕ ಕಿಡಕಿ ಎಲ್ಲೈತ್ರಿ?”

“ಅದು ದೇವ್ರ ಹಾಡು!”

“ಹಂಗಾರ ದೇವ್ರ ಕಡೆ ತಿರುಗಸ್ರಿ.”

ಬಸಲಿಂಗಪ್ಪನವರ ಮುಖ ಕೆಂಪಾಯಿತು. ಅವರಿಗೆ ತಾಯವ್ವ ಜೋರಾಗಿ ಮಾತಾಡಿದ್ದಕ್ಕೆ ಸಿಟ್ಟು ಬಂದಿರಲಿಲ್ಲ. ಅವಳು ಮೆಲ್ಲಗೆ ಮಾತಾಡಿದ್ದಕ್ಕೆ ಬಂದಿತ್ತು.

5

ಅರ್ಜಿ ತಯಾರಾಯಿತು. ಬರೆದವನು ಒಬ್ಬ ಪದವೀಧರ ಯುವಕ. ಕೆಲಸವಿಲ್ಲದೆ, ಸಮಾಜದ ಒತ್ತಡಕ್ಕೆ ಸಿಕ್ಕು, ತಾನೇನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ…

“ಯಾಂವ ಇಂವ, ಒಬ್ಬ ಪದವೀಧರ?” ತಾಯವ್ವ ಮತ್ತೆ ಹಾಳೆಯ ಮೇಲೆ ಕೈ ಇಟ್ಟಳು. “ಹೆಸರಿಲ್ಲೇನು ಅಂವಗ?”

“ಅದು ಒಂದು ಟೆಕ್ನಿಕ್ಕು…”

“ನಮ್ಮ ಹೆಸರೆಲ್ಲಾ ಬರದೀರಿ. ನಮ್ಮಪ್ಪನ ಹೆಸರು ಬರದೀರಿ, ಸತ್ತ ನಮ್ಮವ್ವನ ಹೆಸರು ಬರದೀರಿ. ಅಂವಗ ಮಾತ್ರ ಟೆಕ್ನಿಕ್ಕೇನ್ರಿ? ‘ನಾನು’ ಅಂತ ಬರೀರಿ.”

ನಾನು.

ಅರ್ಜಿ ಬರೆದವನು ನಾನು. ಮಹಾಂತಪ್ಪ, ಬಿ.ಎ., ವಯಸ್ಸು ಇಪ್ಪತ್ತೆರಡು, ಬಸಲಿಂಗಪ್ಪನವರ ಅಣ್ಣನ ಮಗ. ಯಾರೂ ಒತ್ತಡ ಹಾಕಿರಲಿಲ್ಲ. ಕಾಕಾ ಹೇಳಿದ್ದು ಇಷ್ಟೇ: ‘ಹಾಡು ಜೋರಾಗಿ ಹಚ್ಚುತ್ತಾರೆ, ಬಂದ್ ಮಾಡಿಸಬೇಕು.’ ನನಗೆ ಅದು ತೀರಾ ಸಪ್ಪೆ ಎನಿಸಿತು. ಪೊಲೀಸರಿಗೆ ಕೊಟ್ಟರೆ ಏನೂ ಆಗುವುದಿಲ್ಲ ಕಾಕಾ, ಅವಳ ಸಾಹೇಬರಿಗೆ ಕೊಡೋಣ ಎಂದವನೂ ನಾನೇ. ರೂಲು ಎಳೆದ ಹಾಳೆ ತರಿಸಿ, ದುಂಡನೆಯ ಅಕ್ಷರದಲ್ಲಿ ಬರೆದೆ: ಸದರಿ ಆಪರೇಟರ್ ಮಧ್ಯರಾತ್ರಿಯವರೆಗೆ ಭಾರಿ ಸದ್ದಿನಲ್ಲಿ ಹಾಡು ಹಚ್ಚುವ ಕಾರಣ ಆಕೆಯ ಕಿವಿ ಮಂದವಾಗಿರುತ್ತದೆ. ಸದರಿಯವಳ ತಂದೆಯು ಕುಡಿದು ಕುಣಿಯುತ್ತಾನೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬರೀ ಸುಳ್ಳುಗಾರನಾಗುತ್ತಿದ್ದೆ. ಆದರೆ ಪೆನ್ನು ಓಡುತ್ತಿತ್ತು. ರಾಮದುರ್ಗದ ಕಡೆಯ ಕಟಕೋಳಕ್ಕೆ ಒಬ್ಬ ತಾಯಿ ಸತ್ತ ಸುದ್ದಿ ತಿಳಿಸಲು ಟ್ರಂಕ್ ಕಾಲ್ ಬುಕ್ ಮಾಡಿದರೆ, ಸದರಿಯವಳು ತಪ್ಪು ಕೇಳಿಸಿಕೊಂಡು ಕಿತ್ತೂರಿಗೆ ಜೋಡಿಸಿದಳೆಂದೂ, ಮಗ ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತೆಂದೂ, ಅವನು ಗೋರಿಯ ಮೇಲೆ ಬಿದ್ದು ಹೊರಳಾಡಿದನೆಂದೂ ಬರೆದೆ. ಅಂಥ ತಾಯಿ ಇರಲಿಲ್ಲ. ಅಂಥ ಮಗನೂ ಇರಲಿಲ್ಲ. ಓದಿ ಕಾಕಾ ಕಣ್ಣೊರೆಸಿಕೊಂಡರು. “ಪಾಪ, ಯಾರವರು?” ಎಂದು ಕೇಳಿದರು.

ಅದು ನನ್ನ ಮೊದಲ ಕಥೆ. ಕಾಕಾ ಮೊದಲ ಓದುಗ.

ಏಳು ಜನ ಸಹಿ ಮಾಡಿದರು. ಖರೀದಿ ಪತ್ರದಲ್ಲಿ ಬರೆದವನು ಕೊನೆಗೆ ತನ್ನ ಹೆಸರು ಹಾಕುವ ರೂಢಿ ಇದೆಯಲ್ಲ, ಹಾಗೆ ಅಡಿಯಲ್ಲಿ ನಾನೂ ಹಾಕಿದೆ. ‘ಬಿಕಲಂ: ಮಹಾಂತಪ್ಪ, ಬಿ.ಎ.’ ಅರ್ಜಿಗೆ ಬಿಕಲಂ ಬೇಕಿರಲಿಲ್ಲ. ನನಗೆ ಬೇಕಿತ್ತು.

6

ಎಕ್ಸ್‌ಚೇಂಜಿನ ಸೂಪರ್‌ವೈಜರ್ ಅರ್ಜಿಯನ್ನು ತಾಯವ್ವನ ಮುಂದಿಟ್ಟ. ಕಟಕೋಳದ ಕಾಲ್ ಬುಕ್ ಆಗಿದ್ದಕ್ಕೆ ಚೀಟಿಯೇ ಇಲ್ಲವೆಂದು ಅವನಿಗೆ ಗೊತ್ತಿತ್ತು. “ಆದ್ರ ಏಳು ಮಂದಿ ಸಹಿ ಐತಿ, ತಾಯವ್ವ. ಕಿವಿ ತೋರಿಸಿ ಸರ್ಟಿಫಿಕೇಟ್ ತಂದ್ಬಿಡು. ಅಲ್ಲೀತನಕ ಬೋರ್ಡಿಗೆ ಕುಂಡ್ರಬ್ಯಾಡ,” ಎಂದ.

ಹನ್ನೊಂದು ದಿನ ಅವಳು ಲೈನು ಜೋಡಿಸುವ ಬೋರ್ಡಿಗೆ ಕೂರಲಿಲ್ಲ. ಒಳಗಿನ ಕೋಣೆಯಲ್ಲಿ ಹಳೆಯ ಚೀಟಿ ಎಣಿಸಿ ಕಟ್ಟು ಕಟ್ಟುವ ಕೆಲಸ ಕೊಟ್ಟರು. ಬಾಗಿಲಾಚೆ ಇನ್ನೊಬ್ಬಳು “ನಂಬರ್ ಪ್ಲೀಸ್” ಅನ್ನುವುದು ಕೇಳುತ್ತಿತ್ತು. ತನ್ನದು ಕಿವುಡಿಯ ಕಿವಿ ಎಂದು ಬರೆದವರ ಮೇಲೆ ಅವಳಿಗೆ ಎಂಥ ಸಿಟ್ಟು ಬಂತೆಂದರೆ, ಕಟ್ಟಿದ ಕಟ್ಟುಗಳ ದಾರ ಹರಿಯುತ್ತಿತ್ತು.

ಆ ಹನ್ನೊಂದು ದಿನ ಅವಳು ರೆಕಾರ್ಡು ಹಚ್ಚಲಿಲ್ಲ. ಇನ್ನೊಂದು ಅರ್ಜಿ ಬಂದೀತೆಂಬ ಹೆದರಿಕೆ. ದುರ್ಗಪ್ಪ ಐದೂವರೆಗೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದ. ಡಬ್ಬಿ ನೋಡುತ್ತಿದ್ದ, ಮಗಳನ್ನು ನೋಡುತ್ತಿದ್ದ. ಮೂರನೇ ದಿನ ಕೇಳಿದ:

“ಸ್ಪೀಕರ್ ಸುಟ್ಟಿತೇನು?”

ಅವಳು ಹೂಂ ಎಂದು ತಲೆಯಾಡಿಸಿದಳು.

“ನನ್ನ ಸಲುವಾಗಿ. ಜೋರು ಮಾಡು, ಜೋರು ಮಾಡು ಅಂತ ನಾನ ಜೀವಾ ತಿಂದೆ,” ಎಂದ. ಆಮೇಲೆ ಕೇಳಲಿಲ್ಲ. ಕೂರುವುದನ್ನು ಮಾತ್ರ ಬಿಡಲಿಲ್ಲ.

“ಇದೊಂದು,” ಎಂದು ತಾಯವ್ವ ನನಗೆ ಹೇಳಿದಳು, “ಉಳದದ್ದೆಲ್ಲಾ ಬಿಡ್ರಿ. ನಮ್ಮಪ್ಪ ಹನ್ನೊಂದು ದಿನ ತನಗ ತಾನ ಬೈಕೊಂಡು ಕುಂತನಲ್ಲ, ಅದನ್ನ ದೊಡ್ಡ ಅಕ್ಷರದಾಗ ಬರೀರಿ.”

(ಬರೆದಿದ್ದೇನೆ. ಅಕ್ಷರದ ಅಳತೆ ಪ್ರೆಸ್ಸಿನವರ ಕೈಯಲ್ಲಿದೆ.)

ಬೆಳಗಾವಿಯ ದವಾಖಾನೆಯ ದೃಶ್ಯವನ್ನು ನಾಲ್ಕು ಪುಟ ಬರೆದಿದ್ದೆ. ಮುಚ್ಚಿದ ಕೋಣೆ, ಕಿವಿಗೆ ಹೆಡ್‌ಫೋನು, ಎದೆಬಡಿತ. ತಾಯವ್ವ ಪೂರ್ತಿ ಹೊಡೆದುಹಾಕಿ, “ಸಪ್ಪಳ ಬಂದಾಗೆಲ್ಲಾ ಕೈ ಬಟ್ಟ ಎತ್ತು ಅಂದ್ರು. ಎತ್ತಿದೆ,” ಎಂದು ಮುಗಿಸಿದಳು. ಡಾಕ್ಟರು ಕಾಗದ ನೋಡಿ ಹೇಳಿದ್ದು: ಬಲಗಿವಿ ಹೊಸದರ ಹಾಗಿದೆ. ಎಡಗಿವಿ ಎಳೆಯಷ್ಟು ಕಡಿಮೆ, ಅದು ಐದು ವರ್ಷ ಎಡಗಿವಿಗೇ ಹೆಡ್‌ಸೆಟ್ ಹಾಕಿದ್ದರಿಂದ ಇರಬೇಕು. ಇನ್ನು ಮೇಲೆ ಕಿವಿ ಬದಲಿಸುತ್ತ ಹಾಕಿಕೋ. ಹಾಡಿಗೂ ಇದಕ್ಕೂ ಸಂಬಂಧ ಕಾಣುವುದಿಲ್ಲ. ಡ್ಯೂಟಿಗೆ ಅಡ್ಡಿಯಿಲ್ಲ.

ಅಂದರೆ ಹಾಡು ಅವಳ ಕಿವಿಯನ್ನು ಮುಟ್ಟಿರಲಿಲ್ಲ. ಮುಟ್ಟಿದ್ದು ಊರ ಮಂದಿಯ ಹಲೋ ಹಲೋ. ಅದರಲ್ಲಿ ನಮ್ಮ ಕಾಕಾನದೂ ಇತ್ತು. ಫೋನು ಹಿಡಿದರೆ ಹುಬ್ಬಳ್ಳಿಗೆ ಬರೀ ಗಂಟಲಲ್ಲೇ ಕೇಳಿಸುವ ಹಾಗೆ ಒದರುತ್ತಿದ್ದರು.

7

ಹನ್ನೆರಡನೇ ದಿನ ಅಂಗಡಿಯ ಫೋನು ಬಡಿಯಿತು. ನಾನೇ ಎತ್ತಿದೆ.

“ಮಹಾಂತಪ್ಪ ಬಿ.ಎ. ಅದಾರೇನ್ರಿ?”

ಬೋರ್ಡಿನಿಂದಲೇ ಮಾತಾಡುತ್ತಿದ್ದಳು. ಆ ‘ಬಿ.ಎ.’ ಕೇಳಿದ ಕೂಡಲೆ ನನಗೆ ತಿಳಿಯಿತು.

“ಸಂಜಿ ಐದೂವರಿಗೆ ನಮ್ಮ ಮನಿಗೆ ಬರ್ರಿ. ನಮ್ಮಪ್ಪಗ ಒಂದು ಕಾಗದ ಓದಿ ಹೇಳೂದೈತಿ. ನೀವು ಬರಲಿಲ್ಲಂದ್ರ ನಾನ ಅಂಗಡಿ ಮುಂದ ಬಂದು ಓದತೇನಿ.”

ಹೋದೆ. ಕಿಡಕಿ ಅವತ್ತು ತೆರೆದಿತ್ತು. ಓಣಿಯವರು ಕಟ್ಟೆಯ ಮೇಲೆ ಕುಳಿತಿದ್ದರು. ಎದುರಿನ ಹಿತ್ತಲಿನಲ್ಲಿ ಕಾಕಾ ತುಳಸಿಗೆ ನೀರು ಹಾಕುವವರಂತೆ ನಿಂತಿದ್ದರು. ನೀಲಪ್ಪ ಆಂಪ್ಲಿಫೈಯರಿಗೆ ಒಂದು ಮೈಕು ಸಿಗಿಸಿ ಕಾಯುತ್ತಿದ್ದ. ದುರ್ಗಪ್ಪ ಕುರ್ಚಿಯಲ್ಲಿ. ಆಂಪ್ಲಿಫೈಯರಿನ ಸಣ್ಣ ಕೆಂಪು ದೀಪ ನೋಡಿ, ರಿಪೇರಿಯಾಯಿತೆಂದು ಅವನ ಮುಖ ಅರಳಿತ್ತು.

ತಾಯವ್ವ ಅರ್ಜಿಯ ನಕಲನ್ನು ನನ್ನ ಒಂದು ಕೈಗೂ ಮೈಕನ್ನು ಇನ್ನೊಂದು ಕೈಗೂ ಕೊಟ್ಟಳು.

“ಒದರಬ್ಯಾಡ್ರಿ. ಸಾವಕಾಶ ಓದ್ರಿ. ಸ್ಪೀಕರ್ ನಮ್ಮದು.”

ಓದಿದೆ. ನನ್ನ ದನಿ ನನ್ನೆದುರೇ ಡಬ್ಬಿಯಿಂದ ಹೊರಬಿದ್ದು ಕಿಡಕಿ ದಾಟಿ ಓಣಿಗೆ ಹೋಗುತ್ತಿತ್ತು. ಮಧ್ಯರಾತ್ರಿ ಎಂಬಲ್ಲಿ ಕಟ್ಟೆಯ ಮೇಲಿನ ಯಾರೋ ನಕ್ಕರು. ಕುಡಿದು ಕುಣಿಯುತ್ತಾನೆ ಎಂಬಲ್ಲಿ ಯಾರೂ ನಗಲಿಲ್ಲ. ಸತ್ತ ತಾಯಿ ಬಂದಾಗ ದುರ್ಗಪ್ಪ ಕಣ್ಣು ಮುಚ್ಚಿದ. ಏಳು ಹೆಸರು ಓದಿ ಕಾಗದ ಮಡಚಲು ಹೋದೆ.

“ಕೆಳಗಿಂದೂ ಓದ್ರಿ,” ಎಂದಳು ತಾಯವ್ವ.

“ಬಿಕಲಂ,” ಎಂದೆ. “ಮಹಾಂತಪ್ಪ. ಬಿ.ಎ.”

ಹತ್ತು ವರ್ಷದಲ್ಲಿ ಮೊದಲ ಸಲ ದುರ್ಗಪ್ಪನಿಗೆ ಒಬ್ಬ ಮನುಷ್ಯ ಆಡಿದ ಮಾತು ಒಂದೂ ಬಿಡದೆ ತಿಳಿದಿತ್ತು. ಅವನು ಕಣ್ಣು ತೆರೆದು ಕೇಳಿದ:

“ಪಾಪ… ಯಾವೂರಾಕಿ ತಮ್ಮಾ ಈಕಿ?”

ಅರ್ಜಿಯಲ್ಲಿ ನಾನು ಅವಳ ಹೆಸರನ್ನು ಬರೆದಿರಲಿಲ್ಲ. ಬರೀ ಸದರಿ, ಸದರಿಯವಳು.

“ಹೆತ್ತ ತಾಯಿ ಮಣ್ಣ ತಪ್ಪಸ್ಯಾಳಂದ್ರ ದೊಡ್ಡ ಪಾಪ ಅದು,” ಎಂದು ದುರ್ಗಪ್ಪ ಮುಂದುವರಿಸಿದ. “ನಮ್ಮ ತಾಯವ್ವನೂ ಅದ ನೌಕರಿ ಮಾಡತಾಳ. ಒಂದ ದಿನ ಹಂಗ ಮಾಡಾಕಿ ಅಲ್ಲ. ಆಕಿ ಇರಲಿ, ಆ ಅಪ್ಪಗರ ಬುದ್ಧಿ ಬ್ಯಾಡೇನು? ಮಗಳ ನೌಕರಿ ಮ್ಯಾಲೆ ಮಣ್ಣ ಹಾಕತಾನಲ್ಲ, ಕುಡಿದು ಕುಣದು? ಅಂಥಾಂವನ್ನ ನಿಂದ್ರಿಸಿ ಬಡೀಬೇಕು.”

8

ಇಲ್ಲಿಂದ ಮುಂದೆ ಮೂರು ರೀತಿ ಬರೆದೆ.

ಒಂದನೆಯದರಲ್ಲಿ ನಾನು ಮೈಕು ಬಿಸಾಡಿ ದುರ್ಗಪ್ಪನ ಕಾಲಿಗೆ ಬಿದ್ದೆ. “ಎಲ್ಲೆ ಬಿದ್ರಿ? ನಾ ಅಲ್ಲೇ ಇದ್ನೆಲ್ಲ,” ಎಂದಳು ತಾಯವ್ವ.

ಎರಡನೆಯದರಲ್ಲಿ ಕಾಕಾ ಹಿತ್ತಲು ದಾಟಿ ಬಂದು, ಮೊದಲ ಸಲ ಆ ಹೊಸ್ತಿಲೊಳಗೆ ಕಾಲಿಟ್ಟು, ಸಾರಂಗಿ ಕೇಳುತ್ತ ಕುಳಿತರು. ಇದನ್ನು ಓದಿ ತಾಯವ್ವ ನಕ್ಕಳು. ಅದು ಹಿತವಾದ ನಗುವಾಗಿರಲಿಲ್ಲ. ನಿಜವಾಗಿ ಕಾಕಾ ತಂಬಿಗೆ ಎತ್ತಿಕೊಂಡು ಒಳಗೆ ಹೋದರು. ಹಾರ್ನ್ ಇವತ್ತಿಗೂ ಅಲ್ಲೇ ಇದೆ. ಮರುವರ್ಷದ ಗಾಳಿಗೆ ಗೇಣು ಆಚೆ ತಿರುಗಿತ್ತು. ಮಂಡಳಿಯವರು ಏಣಿ ಹಾಕಿ ಮತ್ತೆ ಸರಿ ಮಾಡಿದರು.

ಮೂರನೆಯದರಲ್ಲಿ ತಾಯವ್ವ ನನ್ನನ್ನು ಕ್ಷಮಿಸಿದಳು. ಅದನ್ನು ಮೊನ್ನೆ ಎಕ್ಸ್‌ಚೇಂಜಿಗೇ ಒಯ್ದು ತೋರಿಸಿದೆ. ಈಗ ಎಪ್ಪತ್ತೊಂಬತ್ತನೇ ಇಸವಿ. ಅವಳು ಅದೇ ಬೋರ್ಡಿನ ಮುಂದಿದ್ದಾಳೆ. ದುರ್ಗಪ್ಪ ಐದೂವರೆಗೆ ಕುರ್ಚಿಯಲ್ಲಿ ಕೂರುತ್ತಾನೆ, ಸ್ಪೀಕರ್ ಕೆಟ್ಟಿಲ್ಲ. ನನಗೆ ಸಾಲೆಯಲ್ಲಿ ಕನ್ನಡ ಮಾಸ್ತರನ ಕೆಲಸ. ಸುಳ್ಳು ಅರ್ಜಿ ಬರೆದದ್ದಕ್ಕೆ ಯಾರೂ ಏನೂ ಮಾಡಲಿಲ್ಲ. ಅಕ್ಷರ ಚಲೋ ಇದೆ ಎಂದೇ ಕೆಲಸ ಕೊಟ್ಟರು.

ತಾಯವ್ವ ಓದಿ ಹಾಳೆ ತಿರುಗಿ ಕೊಟ್ಟಳು.

“ನಾ ಯಾವಾಗ ಕ್ಷಮಾ ಮಾಡಿದೆ? ಹಿಂಗ ಬರದ್ರ ಇದೂ ಇನ್ನೊಂದು ಸುಳ್ಳು ಅರ್ಜಿ ಆಗತೈತಿ.”

“ಹಂಗಾರ ಕಡೀಕ ಏನಂತ ಬರೀಲಿ?”

“ಆದದ್ದು ಬರೀರಿ.”

ಬೋರ್ಡಿನಲ್ಲಿ ಬೈಲಹೊಂಗಲದ ಲೈನಿನ ಶಟರ್ ಬಿತ್ತು, ಅಲ್ಲಿಂದ ಯಾರೋ ಕರೆಯುತ್ತಿದ್ದರು. ಅವಳು ಅತ್ತ ತಿರುಗಿದಳು.

9

ಆದದ್ದು ಇಷ್ಟು.

ಯಾವೂರಾಕಿ ಎಂದು ಕೇಳಿ ದುರ್ಗಪ್ಪ ಕಾಯುತ್ತಿದ್ದ. ತಾಯವ್ವ ನನ್ನ ಕೈಯಿಂದ ಮೈಕು ತೆಗೆದುಕೊಂಡಳು.

“ಅದು ನಾನಪ್ಪ,” ಎಂದಳು. “ಕುಡಿದು ಕುಣಿಯಾಂವ ನೀನಂತ. ಸ್ಪೀಕರ್ ಸುಟ್ಟಿರಲಿಲ್ಲ. ನಾ ಸುಳ್ಳು ಹೇಳಿದ್ದೆ. ಈ ಕಾಗದಾ ಬರದವರು ಇವರ.”

ದುರ್ಗಪ್ಪ ನನ್ನ ಕಡೆ ತಿರುಗಿದ. ಸಿಟ್ಟು ಬರುತ್ತದೆಂದು ಕಾದೆ. ಬಂದಿದ್ದರೆ ನನಗೆ ಹಗುರಾಗುತ್ತಿತ್ತು. ಅವನಿಗೆ ಬರೀ ಅರ್ಥವಾಗಿರಲಿಲ್ಲ.

“ಯಾಕ ತಮ್ಮಾ?” ಎಂದ.

ತಾಯವ್ವ ಮೈಕನ್ನು ನನ್ನ ಬಾಯಿಗೆ ಹಿಡಿದಳು. ನೀಲಪ್ಪ ಗುಂಡಿಯ ಮೇಲೆ ಕೈ ಇಟ್ಟ. ದುರ್ಗಪ್ಪ ಕುರ್ಚಿಯ ತುದಿಗೆ ಸರಿದು, ಮಾತು ಅಲ್ಲಿಂದ ಬರಬೇಕಲ್ಲ ಎಂದು, ನನ್ನನ್ನು ಬಿಟ್ಟು ಡಬ್ಬಿಗೆ ಕಿವಿ ಕೊಟ್ಟು ಕುಳಿತ. ಒಂದು ನಿಮಿಷ ಹೋಗಿರಬೇಕು.

“ಕೇಳಸವಲ್ದು ತಮ್ಮಾ,” ಎಂದ. “ಸ್ವಲ್ಪ ಜೋರಾಗಿ ಹೇಳು.”

ನಾನು ಇನ್ನೂ ಏನೂ ಹೇಳಿರಲಿಲ್ಲ.